ಎಂ.ಎಸ್ಸಿ. ಕಂಪ್ಯೂಟರಿಗೆ ಬೇಕಾದ ಮಡಿ

ಕಂಪ್ಯೂಟರ್ ಕಲಿಸುವ ಎಂ.ಎಸ್ಸಿ.ಗೆ ಸೇರಬೇಕಾದರೆ ಅದಕ್ಕೂ ಮೊದಲೇ ಆರು ತಿಂಗಳು ಕಂಪ್ಯೂಟರಿನ ಮೇಲೆ ಕೈಯಾರೆ ಕೆಲಸ ಮಾಡಿರಬೇಕು ಎಂಬ ನಿಯಮವನ್ನು ಓದಿದಾಗ ಹುಲಿಗಿನಕೊಪ್ಪದ ಹೂವಪ್ಪನಿಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ. ಅಚ್ಚಾದದ್ದು ಯಾವುದೂ ಅವನಿಗೆ ತಪ್ಪಾಗಿ ಕಾಣುತ್ತಿರಲಿಲ್ಲ. ಕೈ ತಲೆ ಹೊರಗೆ ಹಾಕಬಾರದು ಎಂದು ಬಸ್ಸಿನಲ್ಲಿ ಬರೆದಿದ್ದರೆ, ಬಸ್ಸು ಕೆಟ್ಟು ನಿಂತು ತಾಸು ಕಳೆದರೂ ಅವನು ಕಿಟಕಿಯಿಂದ ಶೇಂಗಾ ಕೊಳ್ಳುತ್ತಿರಲಿಲ್ಲ. ಬಿ.ಎಸ್ಸಿ. ಮುಗಿಸಿದ್ದೂ ಹಾಗೆಯೇ. ಗಣಿತದ ಪುಸ್ತಕವನ್ನು ಅವನು ಪ್ರಶ್ನಿಸಲಿಲ್ಲ. ಅದೂ ಪರೀಕ್ಷೆಯಲ್ಲಿ ಅವನನ್ನು ಹೆಚ್ಚು ಪ್ರಶ್ನಿಸದೆ ಮೊದಲ ದರ್ಜೆ ಕೊಟ್ಟು ಕಳಿಸಿತು.

ಅದು ಎಂಬತ್ತಾರರ ಮಳೆಗಾಲ. ಹುಲಿಗಿನಕೊಪ್ಪ ತಿಳವಳ್ಳಿಯಿಂದ ಹಿರೇಕೆರೂರಿನ ಕಡೆಗೆ ಹೋಗುವ ದಾರಿಯ ಊರು. ಊರಿನಿಂದ ನೀರು ಹರಿದು ಎಲ್ಲಿ ನಿಲ್ಲುತ್ತದೋ ಅಲ್ಲಿ ಕೇರಿ; ಆ ಕೇರಿಯಲ್ಲಿ ಹೂವಪ್ಪನ ಮನೆ. ಊರಲ್ಲಿ ದನ ಸತ್ತರೆ ಬಂದು ಹೊತ್ತುಕೊಂಡು ಹೋಗುವ ಮನೆತನ. ಅಪ್ಪ ಗುತ್ತೆಪ್ಪ ತೀರಿಹೋಗಿದ್ದ, ಅವ್ವ ಅಡಿವೆವ್ವ ಇದ್ದಳು. ಆ ಮನೆಯಿಂದ ಒಬ್ಬ ಬಿ.ಎಸ್ಸಿ. ಬಂದದ್ದಕ್ಕೆ ಊರು ಏನೂ ಅನ್ನಲಿಲ್ಲ. ಏನನ್ನಬೇಕೆಂದು ಊರಿಗೆ ಇನ್ನೂ ಹೊಳೆದಿರಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ತೆರೆದ ಎಂ.ಎಸ್ಸಿ.ಯಲ್ಲಿ ಅವನ ಪಾಲಿಗೆ ಒಂದು ಮೀಸಲು ಸೀಟು ಇತ್ತು. ಈ ವರ್ಷ ಅದು ಖಾಲಿ ಉಳಿದಿದೆ, ಬರುವ ವರ್ಷವೂ ಉಳಿಯಬಹುದು ಎಂದು ಕಚೇರಿಯ ಕಾರಕೂನ ಹೇಳಿದ್ದ. ಗಣಿತ ಓದಿರಬೇಕು, ಓದಿದ್ದ. ಅಂಕ ಇರಬೇಕು, ಇದ್ದವು. ಜಾತಿಯ ಪತ್ರ ಬೇಕು. ಅದನ್ನಂತೂ ಊರೇ ಹುಟ್ಟಿದ ದಿನ ಕೊಟ್ಟಿತ್ತು, ತಹಸೀಲ್ದಾರರು ಶಿಕ್ಕಾ ಹೊಡೆದರು. ಉಳಿದದ್ದು ಆ ಆರು ತಿಂಗಳ ಅನುಭವ, ಅದಕ್ಕೊಂದು ಸಂಸ್ಥೆಯ ಮುಖ್ಯಸ್ಥರ ಸರ್ಟಿಫಿಕೇಟು.

ಹೂವಪ್ಪ ನಾಲ್ಕು ತಾಲೂಕಿನಲ್ಲಿ ಕಂಪ್ಯೂಟರ್ ಹುಡುಕಲು ಹೊರಟ. ಹಾನಗಲ್ಲಿನಲ್ಲಿ ಒಂದು ಬ್ಯಾಂಕಿಗೆ ಹೋಗಿ ಕೇಳಿದರೆ ಅಲ್ಲಿಯ ಕ್ಯಾಶಿಯರ್ ಬಾಗಿಲ ಕಡೆ ಬೆರಳು ತೋರಿಸಿದ. "ಅದರ ಹೆಸರ ಇಲ್ಲಿ ಎತ್ತಬ್ಯಾಡ. ಅದು ಬಂದ್ರ ನಮ್ಮ ನೌಕರಿ ಹೊಕ್ಕಾವಂತ ನಾವ ಮೊನ್ನೆ ಸಂಪು ಮಾಡೇವಿ." ಶಿಗ್ಗಾಂವದ ದಲಾಲಿ ಅಂಗಡಿಯ ಸಾಹುಕಾರ ತನ್ನ ಮುದಿ ಗುಮಾಸ್ತನನ್ನು ತೋರಿಸಿ, "ಇವನ ನಮ್ಮ ಕಂಪ್ಯೂಟರ್. ಬೇಕಾದ್ರ ಆರು ತಿಂಗಳ ಇವನ ಕೈ ಕೆಳಗ ಕುಂದ್ರು," ಎಂದ. ಗುಮಾಸ್ತನಿಗೆ ಅದು ಹೊಗಳಿಕೆಯೋ ಬೈಗುಳವೋ ತಿಳಿಯದೆ ಆ ದಿನದ ಲೆಕ್ಕವೆಲ್ಲ ತಪ್ಪಿತು.

ಕೊನೆಗೆ ಸವಣೂರಿಗೆ ಹೋದ. ಅಲ್ಲಿ ಅವನ ಜೊತೆ ಬಿ.ಎಸ್ಸಿ. ಓದಿ, ಪಾಸಾಗುವ ಗೊಡವೆಗೆ ಹೋಗದೆ ವೀಳ್ಯದೆಲೆ ಅಂಗಡಿಗೆ ಕೂತ ಗೆಳೆಯ ದಿಲಾವರನಿದ್ದ.

"ದೋಸ್ತ, ಈಜು ಬಂದಾವರ ಅಷ್ಟ ನೀರಿಗೆ ಇಳೀಬೇಕು ಅಂತ ಬರದಂಗಾತಲ್ಲೋ ಇದು," ದಿಲಾವರ ನಿಯಮವನ್ನು ಓದಿ ಹೇಳಿದ.

"ಹೌದಲೇ. ಮುಣುಗಬಾರದಲ್ಲ, ಅದಕ್ಕ ಬರದಿರತಾರ," ಎಂದ ಹೂವಪ್ಪ.

ದಿಲಾವರ ಅವನ ಮುಖವನ್ನೇ ನೋಡಿ ಒಂದು ಎಲೆ ಮಡಿಚಿ ಕೊಟ್ಟ.

ದೀಪಾವಳಿಯ ಮುಂದೆ ಹುಲಿಗಿನಕೊಪ್ಪಕ್ಕೇ ಕಂಪ್ಯೂಟರ್ ಬಂತು.

ಊರಿನ ಹೈಸ್ಕೂಲು ನಿಂಗನಗೌಡರ ಟ್ರಸ್ಟಿನದು. ಸರಕಾರ ಏನು ಹಂಚಿದರೂ ನಮ್ಮ ಶಾಲೆಗೂ ಒಂದಿರಲಿ ಎಂದು ಗೌಡರು ಕಣ್ಣು ಮುಚ್ಚಿ ಅರ್ಜಿ ಹಾಕುತ್ತಿದ್ದರು. ಹಾಗೆ ಹಿಂದೆ ಒಂದು ಹೊಲಿಗೆ ಯಂತ್ರ, ಒಂದು ಗಂಟು ಕುಟುಂಬ ಯೋಜನೆಯ ಚಿತ್ರಪಟ ಬಂದಿದ್ದವು. ಈಗ ಡೆಲ್ಲಿಯಿಂದ ಎರಡು ಪೆಟ್ಟಿಗೆ ಬಂದವು. ಹೆಡ್‌ಮಾಸ್ತರ ಶಿದ್ಲಿಂಗಪ್ಪನವರು ಇತಿಹಾಸ ಹೇಳುವವರು. ಪೆಟ್ಟಿಗೆಯಲ್ಲಿದ್ದ ಪುಸ್ತಕ ತೆರೆದು, "ಇದರಾಗ ಇಂಗ್ಲೀಷ್ ಭಾಳ ಐತಿ," ಎಂದು ಮುಚ್ಚಿದರು. ಹೂವಪ್ಪನಿಗೆ ಕರೆ ಹೋಯಿತು. ಪೆಟ್ಟಿಗೆ ಹೊತ್ತು ಒಳಗಿಟ್ಟವನೂ ಅವನೇ, ಬಿಚ್ಚಿದವನೂ ಅವನೇ, ಟೀವಿಯಂಥ ಡಬ್ಬಿಗೂ ಗುಂಡಿಗಳ ಹಲಗೆಗೂ ತಂತಿ ಜೋಡಿಸಿದವನೂ ಅವನೇ. ಆಗ ಯಾರಿಗೂ ಮಡಿಯ ನೆನಪಾಗಲಿಲ್ಲ. ಸರಕಾರದ ಸಾಮಾನು, ಕೇರಿಯವ ಹೊತ್ತ; ಅದರಲ್ಲೇನು.

"ಇವತ್ತಿನಿಂದ ಲೆಕ್ಕ ಹಿಡಿ, ಹೂವಪ್ಪ," ಎಂದರು ಹೆಡ್‌ಮಾಸ್ತರು. "ಆರು ತಿಂಗಳ ತುಂಬಿದ ದಿನ ನಾನ ಸಹಿ ಮಾಡಿ ಸರ್ಟಿಫಿಕೇಟ್ ಕೊಡ್ತೇನಿ. ಪಗಾರ ಮಾತ್ರ ಕೇಳಬ್ಯಾಡ."

ಹೂವಪ್ಪನ ಕಣ್ಣಲ್ಲಿ ನೀರು ಬಂತು. ಇಲ್ಲಿಗೆ ಈ ಕತೆ ಮುಗಿದು ಅವನು ಎಂ.ಎಸ್ಸಿ.ಗೆ ಹೋಗಬಹುದಿತ್ತು. ಆದರೆ ಅವನಿಗೆ ಒಂದು ಬೋರ್ಡು ಬರೆಯುವ ಆಸೆಯಾಯಿತು.

ಯಂತ್ರದ ಪುಸ್ತಕದಲ್ಲಿ, ಧೂಳು ತಾಗದಂತೆ ತಂಪಾದ ಜಾಗದಲ್ಲಿ ಇಡಿ ಎಂದು ಒಂದೇ ಸಾಲು ಅಚ್ಚಾಗಿತ್ತು. ಅದನ್ನು ರಟ್ಟಿನ ಮೇಲೆ ಕನ್ನಡಕ್ಕೆ ಇಳಿಸುವಷ್ಟರಲ್ಲಿ ಅದು ಬೆಳೆಯಿತು. ಪಾದರಕ್ಷೆ ಹೊರಗೆ ಬಿಡಬೇಕು. ಕೈಕಾಲು ತೊಳೆದು ಬರಬೇಕು. ಒಬ್ಬೊಬ್ಬರೇ ಬರಬೇಕು. ಒಳಗೆ ಗಟ್ಟಿಯಾಗಿ ಮಾತಾಡಬಾರದು. ಯಂತ್ರಕ್ಕೆ ಬೆನ್ನು ಮಾಡಿ ಹೊರಗೆ ಹೋಗಬಾರದು. ಕೊನೆಯದು ಎಲ್ಲಿಂದ ಬಂತೋ ಅವನಿಗೂ ಗೊತ್ತಿರಲಿಲ್ಲ. ಬರೆಯುತ್ತ ಕೈಗೆ ರುಚಿ ಹತ್ತಿತ್ತು. ತನ್ನ ಕೈಯಿಂದ ಒಂದು ನಿಯಮ ಹೊರಟದ್ದು ಜನ್ಮದಲ್ಲಿ ಅದೇ ಮೊದಲು.

ನಿಂಗನಗೌಡರು ಯಂತ್ರ ನೋಡಲು ಬಂದರು. ಅವರ ಚಪ್ಪಲಿ ಅವರಿಗಿಂತ ಮೊದಲೇ ಕೇಳಿಸುತ್ತಿತ್ತು.

"ಗೌಡ್ರ, ಚಪ್ಪಲಿ ಹೊರಗ ಬಿಡಬೇಕಾಗತೈತ್ರಿ," ಎಂದ ಹೂವಪ್ಪ.

ಗೌಡರು ತಿರುಗಿ ತಮ್ಮ ಬೆನ್ನ ಹಿಂದೆ ನೋಡಿದರು. ಅಲ್ಲಿ ಯಾರೂ ಇರಲಿಲ್ಲ.

"ನನಗ ಹೇಳಿದೇನಲೇ?"

"ನಾ ಅಲ್ರಿ. ನಿಯಮ ಐತ್ರಿ. ಡೆಲ್ಲಿದು."

ಗೌಡರು ಬೋರ್ಡು ಓದಿದರು. ಬಗ್ಗಿದರು. ಚಪ್ಪಲಿ ಬಿಟ್ಟರು. ಗೌಡರ ಓಣಿ ದಾಟುವಾಗ ಹೂವಪ್ಪನ ಅಪ್ಪ, ಅಪ್ಪನ ಅಪ್ಪ ತಮ್ಮ ಚಪ್ಪಲಿ ಬಿಚ್ಚಿ ಕಂಕುಳಲ್ಲಿ ಇಟ್ಟುಕೊಂಡು ನಡೆದವರು. ಆ ಓಣಿಯ ಚಪ್ಪಲಿಯೊಂದು ಹೂವಪ್ಪನ ಮಾತಿಗೆ ಹೊಸ್ತಿಲ ಹೊರಗೆ ಕೂತಿತು. ಆ ರಾತ್ರಿ ಅವನು ಊಟ ಮಾಡಲಿಲ್ಲ, ಹಸಿವೇ ಆಗಲಿಲ್ಲ.

ಒಳಗೆ ಹೂವಪ್ಪ ಒಂದು ಪ್ರೋಗ್ರಾಮು ಹಾಕಿಟ್ಟಿದ್ದ. ಹೆಸರು ಒತ್ತಿದರೆ ಪರದೆಯ ಮೇಲೆ ನಮಸ್ಕಾರ ಎಂದು ಬರೆದು ಮುಂದೆ ಆ ಹೆಸರನ್ನೇ ತೋರಿಸುವಂಥದ್ದು. ಅವನು ಗೌಡರ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ ಒತ್ತಿ ಓದಿ ಹೇಳಿದ. ಗೌಡರು ಬಹಳ ಹೊತ್ತು ಪರದೆ ನೋಡಿದರು.

"ಇದಕ್ಕ ನನ್ನ ಹೆಸರ ಗೊತ್ತೈತಿ," ಎಂದರು ಮೆಲ್ಲಗೆ. "ಬಂದ ವಾರದಾಗ ಯಾರು ದೊಡ್ಡವರಂತ ತಿಳಕೊಂಡೈತಿ. ನಮ್ಮ ಊರಿನ ಮಾಸ್ತರುಗೋಳಿಗೆ ಇದನ್ನ ತಿಳಿಯಾಕ ವರ್ಷ ಹಿಡೀತು." ಬೆನ್ನು ತೋರಿಸದೆ ಹಿಂದಕ್ಕೆ ನಡೆದು ಹೊರಗೆ ಬಂದರು, ಬೋರ್ಡಿನಲ್ಲಿ ಇದ್ದಂತೆ.

ಮುಂದಿನದೆಲ್ಲ ಅನುಕೂಲಕ್ಕಾಗಿ ಆಯಿತು. ಬಿಸಿಲು ಬೀಳದಿರಲೆಂದು ಹೂವಪ್ಪ ಅವ್ವನ ಹಳೆಯ ಕೆಂಪು ಸೀರೆಯನ್ನು ಬಾಗಿಲಿಗೆ ಪರದೆ ಕಟ್ಟಿದ. ಸೊಳ್ಳೆಗೆಂದು ಊದಿನಕಡ್ಡಿ ಹಚ್ಚಿದ. ಕರೆಂಟು ಹೋಗಿ ಬರುತ್ತಿತ್ತಾದ್ದರಿಂದ ಒಂದು ಎಣ್ಣೆ ದೀಪ ಇಟ್ಟ. ಕರೆಂಟು ಬಂದಾಗ ಹುಡುಗರಿಗೆ ತಿಳಿಯಲೆಂದು ಗಂಟೆ ಬಾರಿಸಿದ. ವೋಲ್ಟೇಜ್ ಸರಿಮಾಡುವ ಸ್ಟೆಬಿಲೈಜರ್ ಡಬ್ಬಿ ಮೂಲೆಯಲ್ಲಿ ಕೂತು ಸಣ್ಣಗೆ ಗುಂಯ್‌ಗುಡುತ್ತಿತ್ತು. ಹೊರಗಿನಿಂದ ನೋಡಿದವರಿಗೆ ಕತ್ತಲೆ, ದೀಪ, ಊದಿನಕಡ್ಡಿಯ ಹೊಗೆ, ಗಂಟೆ, ಗುಂಯ್‌ಗುಡುವ ಸದ್ದು. ಇನ್ನೇನು ಬೇಕು.

ಎರಡನೇ ಪ್ರೋಗ್ರಾಮು ಪುಸ್ತಕದ್ದೇ: ನಾಣ್ಯ ಚಿಮ್ಮಿದಂತೆ ಯಂತ್ರ ಎರಡರಲ್ಲಿ ಯಾವುದೋ ಒಂದನ್ನು ಹೇಳುವುದು. ಹೂವಪ್ಪ ಅದಕ್ಕೆ ಹೌದು, ಇಲ್ಲ ಎಂಬ ಎರಡು ಮಾತು ಕಲಿಸಿದ. ಓಣಿಯ ತಿಪ್ಪವ್ವ ಎಮ್ಮೆ ಕಳೆದುಕೊಂಡವಳು ಬಾಗಿಲಿಗೆ ಬಂದು, ನಮ್ಮ ಎಮ್ಮಿ ಸಿಗತೈತೇನು ಕೇಳೋ ತಮ್ಮಾ ಎಂದಳು. ಯಂತ್ರ ಹೌದು ಎಂದಿತು. ಎಮ್ಮೆಗಳು ಸಂಜೆಗೆ ಮನೆಗೆ ಬರುವ ಪ್ರಾಣಿಗಳು; ಬಂತು. ಮರುದಿನ ತಿಪ್ಪವ್ವ ಹೊಸ್ತಿಲ ಮೇಲೆ ಕಾಯಿ ಒಡೆದಳು.

"ಯವ್ವಾ, ಇದು ದೇವರಲ್ಲ, ಲೆಕ್ಕ ಮಾಡೂ ಯಂತ್ರ," ಎಂದ ಹೂವಪ್ಪ.

"ದೇವರೇನ ಲೆಕ್ಕ ಮಾಡೂದಿಲ್ಲೇನು?" ಎಂದಳು ತಿಪ್ಪವ್ವ.

ಮಂಡಲ ಪಂಚಾಯತಿಯ ಚುನಾವಣೆ ಬಂತು. ಆ ಕಡೆ ದೊಡ್ಡ ಕೆಲಸಕ್ಕೆ ಮೊದಲು ಗುಡಿಯಲ್ಲಿ ಹೂ ಕೇಳುತ್ತಾರೆ: ಮೂರ್ತಿಯ ಬಲಕ್ಕೆ ಹೂ ಬಿದ್ದರೆ ಆಗಲಿ, ಎಡಕ್ಕೆ ಬಿದ್ದರೆ ಬೇಡ. ಗೌಡರು ಈ ಸಲ ಹೂವಿನ ಗೊಡವೆಗೆ ಹೋಗದೆ ಕೈಕಾಲು ತೊಳೆದು ಯಂತ್ರದ ಮುಂದೆ ನಿಂತರು. ಹೌದು ಎಂದಿತು. ಗೌಡರು ಆರಿಸಿ ಬಂದರು, ಮಂಡಲದ ಪ್ರಧಾನರೂ ಆದರು. ಅವರ ಎದುರು ನಿಂತಿದ್ದವ ಹಿಂದಿನ ರಾತ್ರಿ ಗೌಡರ ಆಳುಗಳನ್ನು ಭೇಟಿಯಾಗಿ ಊರು ಬಿಟ್ಟಿದ್ದ ಎಂಬುದು ಯಂತ್ರಕ್ಕೆ ತಿಳಿದಿತ್ತೋ ಇಲ್ಲವೋ. ಊರಿಗಂತೂ ತಿಳಿದಿತ್ತು. ಆದರೂ ಊರು ಯಂತ್ರಕ್ಕೇ ಕೈಮುಗಿಯಿತು, ಅದರಲ್ಲಿ ಅಪಾಯ ಕಡಿಮೆ.

ಗುಡಿಯ ಗುರುಪಾದಯ್ಯನವರು ಬಂದು ನೋಡಿ ಇದು ಸಾಕ್ಷಾತ್ ಗಣಕೇಶ್ವರ ಎಂದರು. ಆಮೇಲೆ ಗೌಡರ ಕಿವಿಯಲ್ಲಿ ಇನ್ನೊಂದು ಮಾತು ಹೇಳಿದರು.

ಮರುದಿನ ಹೂವಪ್ಪ ಬಂದಾಗ ಹೊಸ್ತಿಲಿಗೆ ಗಂಜಳ ಹಾಕಿ ಸಾರಿಸಿತ್ತು. ಪರದೆ ಬದಲಾಗಿತ್ತು, ಅವ್ವನ ಸೀರೆ ಅಂಗಳದ ಮುಳ್ಳುಬೇಲಿಯ ಮೇಲೆ ಬಿದ್ದಿತ್ತು. ಬಾಗಿಲಲ್ಲಿ ಹೆಡ್‌ಮಾಸ್ತರು ನಿಂತಿದ್ದರು.

"ಹೂವಪ್ಪ, ಇನ್ನ ನೀ ಒಳಗ ಬರಾಕ ಬರೂದಿಲ್ಲಪ."

"ಯಾಕ್ರಿ ಸರ? ಕೈಕಾಲ ತೊಳಕೊಂಡ ಬಂದೇನಿ."

"ತೊಳಕೊಂಡ್ರ ಹೋಗುವಂಥಾದ್ದಲ್ಲ ಅದು." ಹೆಡ್‌ಮಾಸ್ತರು ಬೋರ್ಡಿನ ಕಡೆ ನೋಡಿದರು. "ನೋಡಪ, ಶುರು ಮಾಡಿದಾವ ನೀನ. ಚಪ್ಪಲಿ ಬಿಡ್ರಿ ಅಂದಿ, ಬಿಟ್ವಿ. ಬೆನ್ನ ತೋರಿಸಬ್ಯಾಡ್ರಿ ಅಂದಿ, ತೋರಿಸಲಿಲ್ಲ. ಇಷ್ಟೆಲ್ಲಾ ಇರೂ ಜಾಗಾದಾಗ ನೀ ಹೆಂಗ ಇರಾಕ ಬರತೈತಿ, ನೀನ ಹೇಳು."

ಹೂವಪ್ಪ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಓದಿದ. ತನ್ನದೇ ಅಕ್ಷರ. ದುಂಡಗಿದ್ದವು.

ಆದರೆ ಗಣಕೇಶ್ವರನಿಗೆ ಒಂದು ತೊಂದರೆ ಇತ್ತು. ಹೂವಪ್ಪ ಇಲ್ಲದೆ ಅದು ಮಾತಾಡುತ್ತಿರಲಿಲ್ಲ. ಗುರುಪಾದಯ್ಯನವರು ವಿಭೂತಿ ಬೆರಳಿಂದ ಯಾವ ಗುಂಡಿ ಒತ್ತಿದರೂ ಪರದೆಯ ಮೇಲೆ ಒಂದೇ ಇಂಗ್ಲಿಷ್ ಶಬ್ದ ಬರುತ್ತಿತ್ತು: ಮಿಸ್ಟೇಕ್. ಹೆಡ್‌ಮಾಸ್ತರು ಅದನ್ನು ಓದಿ, ತಪ್ಪಾಗಿದೆ ಎಂದು ಅರ್ಥ ಹೇಳಿದರು. ಯಾರ ತಪ್ಪು ಎಂದು ಊರೆಲ್ಲ ಒಬ್ಬರ ಮುಖ ಒಬ್ಬರು ನೋಡಿತು. ಗಂಡ ಹೆಂಡತಿ ಜಗಳಾಡಿದರು, ಅಣ್ಣ ತಮ್ಮಂದಿರು ಬದು ಒತ್ತಿದ್ದನ್ನು ಒಪ್ಪಿಕೊಂಡರು, ಒಬ್ಬ ಸಾಹುಕಾರನಿಗೆ ಜ್ವರ ಬಂತು. ಹೀಗೇ ಬಿಟ್ಟರೆ ಊರು ಪ್ರಾಮಾಣಿಕವಾಗಿಬಿಟ್ಟೀತು ಎಂದು ಗೌಡರಿಗೆ ಗಾಬರಿಯಾಗಿ ಒಂದು ದಾರಿ ಹುಡುಕಿದರು. ಹೂವಪ್ಪ ಹೊರಗೆ ಕಿಟಕಿಯ ಬಳಿ ನಿಲ್ಲುವುದು. ಅವನು ಕೂಗಿದ ಗುಂಡಿಯನ್ನು ಒಳಗೆ ಅಯ್ಯನವರು ಒತ್ತುವುದು.

"ಅಯ್ಯಾವರ, 'ಆರ್' ಒತ್ರಿ."

"ಯಾವುದೋ ಅದು?"

"ಒಂದು ಕಾಲ ಮುಂದ ಚಾಚಿ ನಿಂತಿರತೈತಲ್ರಿ, ಅದು."

"ಒತ್ತಿದೆ."

"ಇನ್ನ 'ಯು'. ಲಾಳದಂಗ ಐತ್ರಿ."

"ಎತ್ತಿನ ಲಾಳೋ ಕುದರಿ ಲಾಳೋ?"

ಹೀಗೆ ಹುಲಿಗಿನಕೊಪ್ಪದ ಕಂಪ್ಯೂಟರ್ ಅರ್ಧ ಒಳಗೆ ಅರ್ಧ ಹೊರಗೆ ನಡೆಯಿತು. ಬುದ್ಧಿ ಬಿಸಿಲಲ್ಲಿ ನಿಂತಿತ್ತು, ಬೆರಳು ನೆರಳಲ್ಲಿ ಕೂತಿತ್ತು. ಕಾಯಿ, ಬಾಳೆಹಣ್ಣು ಬೆರಳಿಗೆ ಹೋಗುತ್ತಿದ್ದವು. ಈ ದೇಶದಲ್ಲಿ ಇದು ಹೊಸ ತಂತ್ರಜ್ಞಾನವೇನಲ್ಲ ಎಂದು ಯಾರಾದರೂ ಹೇಳಿದರೆ ಹೂವಪ್ಪನಿಗೆ ಅರ್ಥವಾಗುತ್ತಿರಲಿಲ್ಲ. ಅವನು ದಿನ ಎಣಿಸುತ್ತಿದ್ದ.

ಊರಿನ ಅಂಗಡಿಗೆ ಎಲೆಯ ಪೆಂಡಿ ಹಾಕಲು ಬಂದ ದಿಲಾವರ ಇದನ್ನು ಬೇಲಿಯ ಆಚೆಯಿಂದ ನೋಡಿದ. "ದೋಸ್ತ, ನೋಡ ನೋಡತಾ ನಿನ್ನ ಕಂಪ್ಯೂಟರ್ ಜಾತಿಯೊಳಗ ಹೋತಲ್ಲೋ," ಎಂದ. "ಬಂದ ದಿನನ ಅದರ ತಂತಿ ಜೋಡಿಸಬ್ಯಾಡ ಅಂತ ಹೇಳಬೇಕಿತ್ತು ನಾನು."

"ಸರ್ಟಿಫಿಕೇಟ್ ಒಂದು ಕೈಗೆ ಬರಲಿ ತಡಿ," ಎಂದ ಹೂವಪ್ಪ.

ಆರು ತಿಂಗಳು ತುಂಬಿತು. ಹೆಡ್‌ಮಾಸ್ತರು ಪೆನ್ನು ತೆಗೆದು, ಅದರ ಟೋಪಿ ಬಿಚ್ಚಿ, ಬರೆಯದೆ ಕೂತರು.

"ಏನಂತ ಬರೀಲೋ? ಮುಟ್ಟಿ ಕೆಲಸ ಮಾಡ್ಯಾನ ಅಂತ ಬರದ್ರ, ದೇವರು ಮೈಲಿಗಿ ಆಗಿತ್ತು ಅಂತ ಆತು. ಮೈಲಿಗಿ ದೇವರು ಹೌದಂದಿದ್ದಕ್ಕ ಗೌಡ್ರು ಪ್ರಧಾನರಾದ್ರು ಅಂತ ಆತು. ನನ್ನ ಪಿಂಚಣಿಗೆ ಇನ್ನ ಎರಡು ವರ್ಷ ಐತಿ."

"ನಾ ಮುಟ್ಟಿದ್ದು ಖರೆ ಅಲ್ರಿ, ಸರ?"

"ಖರೆ ಬ್ಯಾರೆ, ಸರ್ಟಿಫಿಕೇಟ್ ಬ್ಯಾರೆ."

ಶಿದ್ಲಿಂಗಪ್ಪನವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬರೆಯುವುದಿಲ್ಲ ಎಂದುಬಿಡುತ್ತಿದ್ದರು. ಒಳ್ಳೆಯವರಾದ್ದರಿಂದ ಬಹಳ ಯೋಚಿಸಿ, ಯಾರಿಗೂ ನೋವಾಗದಂತೆ ಬರೆದರು: 'ಸದರಿ ಹೂವಪ್ಪನು ನಮ್ಮ ಸಂಸ್ಥೆಯ ಕಂಪ್ಯೂಟರನ್ನು ಆರು ತಿಂಗಳ ಕಾಲ ಯೋಗ್ಯ ಅಂತರದಿಂದ ನೋಡಿರುತ್ತಾನೆ. ನಡತೆ ಉತ್ತಮ.'

ಹೂವಪ್ಪ ಅದನ್ನೇ ಹಿಡಿದು ಜುಲೈ ತಿಂಗಳಲ್ಲಿ ವಿಶ್ವವಿದ್ಯಾಲಯದ ಸಂದರ್ಶನಕ್ಕೆ ಹೋದ. ಮೇಜಿನ ಆಚೆ ಮೂವರು ಪ್ರಾಧ್ಯಾಪಕರಿದ್ದರು. ನಡುವೆ ಕೂತವರು ಸರ್ಟಿಫಿಕೇಟನ್ನು ಎರಡು ಸಲ ಓದಿದರು.

"ಯೋಗ್ಯ ಅಂತರ ಅಂದ್ರ ಎಷ್ಟಪಾ?"

"ಕಿಟಕಿ ತನಕ್ರಿ ಸರ."

ಮೂವರೂ ನಕ್ಕರು. ಹೂವಪ್ಪನೂ ನಕ್ಕ, ದೊಡ್ಡವರು ನಗುವಾಗ ಸುಮ್ಮನಿರುವುದು ಸರಿಯಲ್ಲವೆಂದು. ಆಮೇಲೆ ಒಬ್ಬರು ಹಲಗೆಯ ಮೇಲೆ ಒಂದು ಪ್ರೋಗ್ರಾಮು ಬರೆ ಎಂದರು. ಬರೆದ. ಇನ್ನೊಂದು ಎಂದರು. ಅದನ್ನೂ ಬರೆದು, ಅವರ ಪ್ರಶ್ನೆಯಲ್ಲೇ ಒಂದು ಕೂಡುವಿಕೆ ಬಿಟ್ಟುಹೋಗಿದೆ ಎಂದು ಹೇಳಲು ಸಂಕೋಚವಾಗಿ ತಾನೇ ಸೇರಿಸಿದ. ಈಗ ಯಾರೂ ನಗಲಿಲ್ಲ.

"ನಿನಗ ಬರತೈತಲ್ಲೋ," ಎಂದರು ನಡುವಿನವರು.

"ಬರತೈತ್ರಿ."

"ಆದ್ರ ಸರ್ಟಿಫಿಕೇಟ್ ಪ್ರಕಾರ ಬರೂದಿಲ್ಲ."

ಹೂವಪ್ಪ ಯೋಚಿಸಿದ. "ಪ್ರಕಾರ ನೋಡಿದ್ರ ಬರೂದಿಲ್ರಿ," ಎಂದು ಒಪ್ಪಿಕೊಂಡ.

ಪ್ರಾಧ್ಯಾಪಕರಿಗೆ ಮರುಕ ಬಂತು. ಸೀಟು ತಿಂಗಳ ಕೊನೆಯವರೆಗೆ ಹಿಡಿದಿಡುತ್ತೇವೆ, ಕೈಯಿಂದ ಮುಟ್ಟಿದ್ದಾನೆ ಎಂದು ಸ್ಪಷ್ಟವಾಗಿ ಬರೆಸಿಕೊಂಡು ಬಾ ಎಂದು ಕಳಿಸಿದರು. ಆಗದಿದ್ದರೆ ಅರ್ಹ ಅಭ್ಯರ್ಥಿ ಸಿಗಲಿಲ್ಲ ಎಂದು ಬರೆದು ಸೀಟನ್ನು ಬೇರೆಯವರಿಗೆ ಕೊಡಬೇಕಾಗುತ್ತದೆ, ಅದೂ ನಿಯಮ ಎಂದರು.

ಹೂವಪ್ಪ ದಿನವೂ ಹೆಡ್‌ಮಾಸ್ತರ ಮನೆಗೆ ಹೋದ. ದಿನವೂ ಅವರ ಹೆಂಡತಿ ಬಂದು, ಸರ ಪೂಜಾದಾಗ ಅದಾರ ಎಂದರು. ಅಡಿವೆವ್ವ ಕೂಡ ಒಮ್ಮೆ ಹೋಗಿ ಅಂಗಳದಲ್ಲಿ ಸೆರಗು ಒಡ್ಡಿ ನಿಂತಳು. ಅವಳಿಗೂ ಸರ ಪೂಜೆಯಲ್ಲೇ ಇದ್ದರು.

ಅಷ್ಟರಲ್ಲಿ ಶ್ರಾವಣದ ಮೊದಲ ಸೋಮವಾರ ಬಂತು. ಪ್ರಧಾನರಾದ ಹರಕೆಗೆಂದು ಗೌಡರು ಗಣಕೇಶ್ವರನಿಗೆ ಅಭಿಷೇಕ ಇಟ್ಟುಕೊಂಡರು. ಹಾಲು, ಮೊಸರು, ತುಪ್ಪ, ಜೇನು, ಸಕ್ಕರೆ. ಕಿಟಕಿಯ ಹೊರಗೆ ನಿಂತಿದ್ದ ಹೂವಪ್ಪ ಗಂಟಲು ಹರಿಯುವಂತೆ ಕೂಗಿದ.

"ಅಯ್ಯಾವರ, ಅದಕ್ಕ ನೀರ ಬೀಳಬಾರದ್ರಿ. ಪುಸ್ತಕದಾಗ ಐತ್ರಿ. ಕರೆಂಟರ ತಗೀರಿ."

"ಮಂತ್ರದ ನಡಕ ಬಾಯಿ ಹಾಕಬ್ಯಾಡ," ಎಂದರು ಗೌಡರು.

ಹಾಲಿಗೆ ಪರದೆ ನಡುಗಿತು. ಮೊಸರಿಗೆ ಕಣ್ಣು ಮಿಟುಕಿಸಿತು. ಜೇನು ಬಿದ್ದಾಗ ಒಳಗೆ ಚಟ್ ಎಂದು ಸದ್ದಾಗಿ, ಹೊಗೆ ಎದ್ದು, ಸುಟ್ಟ ವಾಸನೆ ಅಂಗಳಕ್ಕೆ ಬಂತು. ಗುಂಯ್‌ಗುಡುವುದು ನಿಂತಿತು. ಜನ ಮೊದಲು ಅದನ್ನು ಪವಾಡವೆಂದು ಕೈಮುಗಿದರು. ಬಹಳ ಹೊತ್ತಾದರೂ ಬೆಳಕು ಬರದಿದ್ದಾಗ ಗುರುಪಾದಯ್ಯನವರು ಹಿಂದಕ್ಕೆ ಸರಿದು, ಮುಟ್ಟಿದ ಕೈಯನ್ನು ದೂರ ಹಿಡಿದು ಹೇಳಿದರು:

"ಹೋತು."

ಸತ್ತದ್ದು ಒಳಗಿರುವಾಗ ಪೂಜೆ ಇಲ್ಲ, ಪೂಜೆ ಇಲ್ಲದೆ ಊಟ ಇಲ್ಲ. ಗೌಡರ ಮನೆಯಲ್ಲಿ ಮಾಡಿದ ಹೋಳಿಗೆ ಹಾಗೇ ಉಳಿದವು. ಒಳಗಿದ್ದವರು ಯಾರೂ ಅದನ್ನು ಎತ್ತಲಾರರು. ಸತ್ತದ್ದನ್ನು ಎತ್ತುವುದು ಅವರ ಕೆಲಸವಾಗಿರಲಿಲ್ಲ. ತಳವಾರ ಮಾಳಪ್ಪ ಕೇರಿಯ ತುದಿಗೆ ಬಂದು, ದನ ಸತ್ತಾಗ ಕೂಗುವಂತೆ ಕೂಗಿದ.

"ಅಡಿವೆವ್ವನ ಮನ್ಯಾರು ಬರ್ರಿ. ಹೈಸ್ಕೂಲಿನಾಗ ಸತ್ತೈತಿ."

"ಏನ ಸತ್ತೈತೋ?" ಅಡಿವೆವ್ವ ಕೇಳಿದಳು.

"ದೇವರು."

"ಅದನ್ನೂ ನಾವ ಹೊರಬೇಕೇನು?" ಎಂದಳು.

ಹೂವಪ್ಪ ಗೋಣಿಚೀಲ ತೆಗೆದುಕೊಂಡು ಹೋದ. ಹೊಸ್ತಿಲಲ್ಲಿ ನಿಂತ. ಜನ ಇಬ್ಭಾಗವಾಗಿ ದಾರಿ ಬಿಟ್ಟರು. ಅರ್ಧ ವರ್ಷ ಹೋಗಬಾರದಾಗಿದ್ದ ಕೋಣೆಗೆ ಈಗ ಎಲ್ಲರೂ ಅವನನ್ನು ಹೋಗು ಹೋಗು ಎನ್ನುತ್ತಿದ್ದರು. ಆಗ ಅವನ ತಲೆಗೆ ಒಂದು ಲೆಕ್ಕ ಬಂತು.

"ಸರ, ಮೊದಲ ಸರ್ಟಿಫಿಕೇಟ್ ಕೊಡ್ರಿ. ಕೈಯಿಂದ ಮುಟ್ಟ್ಯಾನ ಅಂತ. ಈಗ ಬರಿಯಾಕ ಅಡ್ಡಿ ಇಲ್ಲಲ್ರಿ."

ಹೆಡ್‌ಮಾಸ್ತರು ಗೌಡರನ್ನು ನೋಡಿದರು. ಗೌಡರಿಗೆ ಹಸಿವಾಗಿತ್ತು.

"ಬರಕೊಡ್ರಿ ಮಾಸ್ತರ. ಸತ್ತ ಮ್ಯಾಲ ಮುಟ್ಟಿದ್ರ ಏನೂ ಇಲ್ಲ, ಅದು ಅವರ ಹಕ್ಕ ಐತಿ. ಆದ್ರ ಸತ್ತ ಮ್ಯಾಲ ಅಂತ ಬರೀರಿ ಮತ್ತ. ಇಲ್ಲದಿದ್ರ ಎಲೆಕ್ಷನ್ ಮಾತು ಬರತೈತಿ."

ಬರೆದರು. ಸಂಸ್ಥೆಯ ಶಿಕ್ಕಾ ಬಿತ್ತು. ಹೂವಪ್ಪ ಯಂತ್ರವನ್ನು ಒರೆಸಿ, ಗೋಣಿಚೀಲದಲ್ಲಿ ಇಟ್ಟು, ಹೆಗಲಿಗೇರಿಸಿ ಹೊರಬಿದ್ದ. ಹಿಂದೆಯೇ ಗೋಮೂತ್ರ ಚಿಮುಕಿಸುತ್ತ ಬಂದರು. ಕೇರಿಗೆ ಬಂದಾಗ ಅಡಿವೆವ್ವ ಚೀಲ ಬಿಚ್ಚಿ ನೋಡಿ, ಗುಂಡಿಗಳ ಮೇಲೆ ಕೈಯಾಡಿಸಿ ಕೇಳಿದಳು. "ಇದರ ತೊಗಲರ ಬರತೈತೇನೋ?"

ತಿಂಗಳು ಮುಗಿಯಲು ಬಂದಿತ್ತು. ಹೂವಪ್ಪ ಸರ್ಟಿಫಿಕೇಟನ್ನು ಜೇಬಿನಲ್ಲಿ, ಚೀಲವನ್ನು ಹೆಗಲ ಮೇಲೆ ಇಟ್ಟುಕೊಂಡು ಬಸ್ಸು ಹತ್ತಿದ. ಚೀಲ ಯಾಕೆಂದರೆ, ಕೇಳಿದರೆ ಸಾಕ್ಷಿ ಇರಲಿ ಎಂದು. ಹಾನಗಲ್ಲ ದಾಟಿ, ಮುಂದೆ ಇನ್ನೊಂದು ಬಸ್ಸು ಹಿಡಿದು, ಎಲ್ಲಿಯೂ ಕಿಟಕಿಯಿಂದ ಕೈ ಹೊರಗೆ ಹಾಕದೆ ಹೋಗಿ ಇಳಿದ.

ನಡುವಿನ ಪ್ರಾಧ್ಯಾಪಕರು ಒಬ್ಬರೇ ಇದ್ದರು. ಸರ್ಟಿಫಿಕೇಟನ್ನು ಗಟ್ಟಿಯಾಗಿ ಓದಿದರು: "'ಸದರಿಯವನು ಸಂಸ್ಥೆಯ ಕಂಪ್ಯೂಟರನ್ನು, ಅದು ಸತ್ತ ನಂತರ, ಊರವರ ಒಪ್ಪಿಗೆಯ ಮೇರೆಗೆ ಸ್ವಂತ ಕೈಯಿಂದ ಮುಟ್ಟಿ ಹೊತ್ತಿರುತ್ತಾನೆ. ಹೊರುವುದರಲ್ಲಿ ನಿಪುಣ.'" ಕನ್ನಡಕ ತೆಗೆದರು. "ಹೂವಪ್ಪ, ನಿಯಮದಾಗ ಚಾಲ್ತಿಯಲ್ಲಿರುವ ಕಂಪ್ಯೂಟರ್ ಅಂತ ಐತಲ್ಲಪಾ."

"ಚಾಲ್ತಿಯೊಳಗ ಇದ್ದಾಗ ಮುಟ್ಟಾಕ ಬಿಡಲಿಲ್ರಿ."

"ನನಗ ತಿಳಿತೈತಿ. ನನಗೇನ ಸಂಶಯ ಇಲ್ಲ. ಆದ್ರ ನಿಯಮಕ್ಕ ತಿಳೀಬೇಕಲ್ಲ."

ಹೂವಪ್ಪ ಮೇಜಿನ ಮೇಲಿದ್ದ ನಿಯಮದ ಹಾಳೆಯನ್ನು ನೋಡಿದ. ಅಚ್ಚಾಗಿತ್ತು. ಸಾಲುಗಳು ನೆಟ್ಟಗಿದ್ದವು. ಒಂದು ವರ್ಷದಿಂದ ಅದನ್ನು ಬಾಯಿಪಾಠ ಮಾಡಿದ್ದವನು ಮೊದಲ ಸಲ ಒಂದು ಪ್ರಶ್ನೆ ಕೇಳಿದ.

"ಸರ, ಇದನ್ನ ಯಾರು ಬರದಾರ್ರಿ?"

ಪ್ರಾಧ್ಯಾಪಕರು ಕನ್ನಡಕವನ್ನು ಒರೆಸಿದರು, ಮತ್ತೆ ಒರೆಸಿದರು.

"ನಾವ. ನಾನೂ ಇದ್ದೆ."

ಹೂವಪ್ಪ ಹೆಗಲ ಮೇಲಿನ ಚೀಲ ಇಳಿಸಿ, ಯಂತ್ರವನ್ನು ಹೊರತೆಗೆದು, ಆ ಹಾಳೆಯ ಮೇಲೆಯೇ ಇಟ್ಟ. ಒಣಗಿದ ಮೊಸರಿನ ವಾಸನೆ ಕೋಣೆ ತುಂಬಿತು. ಗುಂಡಿಗಳ ಸಂದಿಯಿಂದ ಇರುವೆಗಳು ಸಾಲಾಗಿ ಹೊರಟು ಅಚ್ಚಿನ ಸಾಲುಗಳ ಮೇಲೆ ನಡೆಯತೊಡಗಿದವು.

"ಇದನ್ನ ಇಲ್ಲೇ ಬಿಡತೇನ್ರಿ ಸರ," ಎಂದ. "ಇದನ್ನ ಊರು ಕೊಂದೈತಿ, ನಾ ಇಲ್ಲೀ ತನಕ ಹೊತ್ತೇನಿ. ಇಲ್ಲಿಂದ ಮುಂದ ನೀವ ಹೊರಬೇಕಾಗತೈತಿ."

ಖಾಲಿ ಚೀಲ ಮಡಿಚಿ ಕಂಕುಳಲ್ಲಿ ಇಟ್ಟುಕೊಂಡು, ಬೆನ್ನು ತೋರಿಸಿ ಹೊರಗೆ ನಡೆದ.

ವಿಭಾಗದಲ್ಲಿ ಅದನ್ನು ಎತ್ತುವುದು ಯಾರು ಎಂಬ ಪ್ರಶ್ನೆ ಹುಟ್ಟಿತು. ಸಿಪಾಯಿ ಇದು ನನ್ನ ಕೆಲಸವಲ್ಲ ಎಂದ, ಜಾಡಮಾಲಿ ಇದು ಕಸದ ಪಟ್ಟಿಯಲ್ಲಿಲ್ಲ ಎಂದ, ತಾವೇ ಎತ್ತಬಹುದು ಎಂಬುದು ಪ್ರಾಧ್ಯಾಪಕರಿಗೆ ಹೊಳೆಯಲಿಲ್ಲ. ಇರುವೆಗಳು ಎರಡನೆಯ ಕೋಣೆಗೆ ಹೋದವು. ಒಂದು ಸಮಿತಿ ಆಯಿತು. ಮೀಸಲು ಸೀಟಿನ ಎದುರು 'ಅರ್ಹ ಅಭ್ಯರ್ಥಿ ದೊರೆತಿರುವುದಿಲ್ಲ' ಎಂದು ಬರೆದು, ಸೀಟು ಬೇರೆಯವರಿಗೆ ಹೋದ ಮೇಲೆ, ಸಮಿತಿ ನಿಶ್ಚಿಂತೆಯಿಂದ ಈ ಕಡೆ ಗಮನ ಕೊಟ್ಟಿತು.

ದಸರೆಯ ಹೊತ್ತಿಗೆ ಹುಲಿಗಿನಕೊಪ್ಪದ ಕೇರಿಗೆ ಅಂಚೆಯವ ಬಂದ. ವಿಶ್ವವಿದ್ಯಾಲಯದ ಲಕೋಟೆ. ದಿಲಾವರ ಅಂದು ಅಲ್ಲೇ ಇದ್ದ. ಅವನೇ ಒಡೆದು ಓದಿದ. ವಿಭಾಗದಲ್ಲಿ ಯಂತ್ರಗಳನ್ನು ಹೊತ್ತು ಸಾಗಿಸುವ ನಾಲ್ಕನೇ ದರ್ಜೆಯ ಒಂದು ಹುದ್ದೆ ಮಂಜೂರಾಗಿತ್ತು. ಮೀಸಲು ಹುದ್ದೆ. ಬೇಕಾದ ಅರ್ಹತೆ: ಕಂಪ್ಯೂಟರ್ ಹೊತ್ತ ಅನುಭವ, ಅದಕ್ಕೆ ಸಂಸ್ಥೆಯ ಮುಖ್ಯಸ್ಥರ ಸರ್ಟಿಫಿಕೇಟು. ಬೇರೆ ಯಾರೂ ಈ ಅರ್ಹತೆಯವರು ಇಲ್ಲದ್ದರಿಂದ ಸಂದರ್ಶನವಿಲ್ಲದೆ ಹೂವಪ್ಪನನ್ನೇ ನೇಮಿಸಿದೆ, ಕೂಡಲೇ ಹಾಜರಾಗಿ ಮೇಜಿನ ಮೇಲಿರುವುದನ್ನು ತೆಗೆಯಬೇಕು.

ಕೇರಿಯ ಜನ ಸೇರಿದರು. ಯಾರೋ ಸಕ್ಕರೆ ತಂದರು. ಮಾಳಪ್ಪ ಕೂಡ ಕೇರಿಯ ತುದಿಯಲ್ಲೇ ನಿಂತು, "ಸರಕಾರಿ ನೌಕರಿ ಅಂತಲ್ಲೋ ಹೂವಪ್ಪ," ಎಂದ. ದಿಲಾವರ ಒಬ್ಬನೇ ನಗದೆ ಕಾಗದವನ್ನು ಮಡಿಚಿ ಗೆಳೆಯನ ಕೈಗಿಟ್ಟ.

"ಯಾವಾಗ ಹೋಗ್ತಿಯೋ ನಮ್ಮಪ್ಪ?" ಅಡಿವೆವ್ವ ಕೇಳಿದಳು. "ಬೇಕಾದ್ದೆಲ್ಲಾ ಐತಿಲ್ಲೋ ನಿನ್ನ ಕಡೆ?"

ಹೂವಪ್ಪ ಕಾಗದವನ್ನು ಬಿಚ್ಚಿ ಒಂದೊಂದೇ ಸಾಲು ನೋಡಿದ. ಗಣಿತದಲ್ಲಿ ಮೊದಲ ದರ್ಜೆಯವನು, ತಪ್ಪುವಂತಿರಲಿಲ್ಲ.

"ಎಲ್ಲಾ ಐತವ್ವ. ಒಂದೂ ಕಡಿಮಿ ಇಲ್ಲ," ಎಂದ. "ಅದಕ್ಕ ಹೋಗೂದಿಲ್ಲ."